ತೊಂಬತ್ತಾರನೆಯ ದಿನ

ಫೆಬ್ರವರಿ ೩

ಪ್ರಭುವಿನಲ್ಲಿ ಪ್ರಿಯನಾದ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಜೈಲಿಗೆ ಇಲ್ಲಿಂದ ರೈಲಿನಲ್ಲಿ ಎರಡು ದಿನದ ದಾರಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಅಷ್ಟು ರಜೆ ಕೊಡುವ ಪುಣ್ಯಾತ್ಮರಿಲ್ಲ. ಹಾಗಾಗಿ ಈ ವರ್ಷ ನಮ್ಮ ಮಾತೆಲ್ಲ ಕಾಗದದಲ್ಲೇ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಎದುರಿಗೆ ಕೂತರೆ ನನ್ನ ಮಾತು ಮುಗಿಯುವ ಮೊದಲೇ ‘ಸಾಕು ಬಿಡಕ್ಕ’ ಅನ್ನುತ್ತೀಯ. ಕಾಗದಕ್ಕೆ ಹಾಗೆ ಅನ್ನಲಾಗದು.

ಹೊಸ ವರ್ಷದ ಪ್ರಾರ್ಥನೆಯಲ್ಲಿ ನಾನೊಂದು ತೀರ್ಮಾನ ಮಾಡಿದೆ. ನಮ್ಮ ಮನೆಯ ಕೋಪ ನನ್ನಲ್ಲಿಗೆ ಮುಗಿಯಬೇಕು. ಅಪ್ಪನ ಕೈ ಹೇಗೆ ಏಳುತ್ತಿತ್ತು ಎಂದು ನಿನಗೆ ಹೇಳಬೇಕಾಗಿಲ್ಲ. ಅಮ್ಮ ಮೂಲೆ ಸೇರುತ್ತಿದ್ದಳು, ನಾನು ನಿನ್ನನ್ನು ಮಂಚದ ಕೆಳಗೆ ತಳ್ಳಿ ಅಡ್ಡ ಕೂರುತ್ತಿದ್ದೆ. ಆ ಕೈ ನಿನಗೆ ಬಂತು. ವರ್ಕ್‌ಶಾಪಿನವರು ನಿನ್ನನ್ನು ‘ಕಿಡಿ’ ಎಂದು ಕರೆದದ್ದು ನೀನು ವೆಲ್ಡರ್ ಎಂಬ ಕಾರಣಕ್ಕೆ ಮಾತ್ರವಲ್ಲ. ಒಂದು ಡಬ್ಬಿ ಬಣ್ಣ ಉರುಳಿತೆಂದು ನೀನು ಪೇಂಟರಣ್ಣನ ಬಲಗೈ ಮೇಲೆ ಸ್ಪ್ಯಾನರ್ ಬೀಸಿದೆ. ಬಸ್ಸಿನ ಮೈಮೇಲೆ ಪಟ್ಟಿ ಹಿಡಿಯದೆ ನೇರ ಗೆರೆ ಎಳೆಯುತ್ತಿದ್ದ ಕೈ ಅದು. ಈಗ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬಾರದು.

ನಿನ್ನನ್ನು ನೋಯಿಸಲು ಇದನ್ನು ಬರೆಯುತ್ತಿಲ್ಲ. ದಾರಿ ಇದೆ ಎಂದು ತೋರಿಸಲು ಬರೆಯುತ್ತಿದ್ದೇನೆ. ಜನವರಿ ಒಂದರಿಂದ ನಾನು ಒಮ್ಮೆಯೂ ಸಿಟ್ಟಾಗಿಲ್ಲ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು. ಇವತ್ತಿಗೆ ಮೂವತ್ತನಾಲ್ಕು. ಅಷ್ಟೇ ಅಲ್ಲ, ದಿನವೂ ಕೆಲಸ ಮುಗಿಸಿ ಪೇಂಟರಣ್ಣನ ಮನೆಗೆ ಹೋಗುತ್ತೇನೆ. ಅವನೂ ಅವನ ಮುದಿ ತಾಯಿಯೂ ಇಬ್ಬರೇ. ಗುಡಿಸುತ್ತೇನೆ, ಬಟ್ಟೆ ಒಗೆಯುತ್ತೇನೆ, ಅವನಿಗೆ ಉಣ್ಣಿಸುತ್ತೇನೆ. ತಾಯಿಯ ನಾಲಿಗೆ ಕತ್ತರಿ. ಮೊದಲ ದಿನವೇ ಅಂದರು: “ತಮ್ಮ ಮುರೀತಾನೆ, ಅಕ್ಕ ಬಂದು ಗುಡಿಸ್ತಾಳೆ. ಚೆನ್ನಾಗಿ ಹಂಚ್ಕೊಂಡಿದ್ದೀರ ಕೆಲಸಾನ!” ನಾನು ನಕ್ಕು ಪೊರಕೆ ತೆಗೆದುಕೊಂಡೆ.

ನೀನೂ ಹೀಗೆ ಮಾಡು. ಎಲ್ಲರಿಗಿಂತ ಮೊದಲು ಎದ್ದು ಪ್ರಾರ್ಥಿಸು. ಸಿಟ್ಟು ಬಂದರೆ ನೂರರವರೆಗೆ ಎಣಿಸು, ಎದುರಿನವನ ಮುಖ ನೋಡಬೇಡ. ಮನಸ್ಸು ಗಟ್ಟಿ ಮಾಡಿದರೆ ಪರಿಶುದ್ಧವಾಗಿ ಬದುಕುವುದು ಅಂಥ ಕಷ್ಟವಲ್ಲ.

ಜೂನ್‌ನಲ್ಲಿ ಅವಧಿಗೆ ಮುಂಚಿನ ನಿನ್ನ ಬಿಡುಗಡೆಯ ಅರ್ಜಿ ಸಮಿತಿಯ ಮುಂದೆ ಬರುತ್ತದೆ. ಪೆಟ್ಟು ತಿಂದವರ ಒಂದು ಮಾತಿಗೆ ಅಲ್ಲಿ ತೂಕವಿದೆಯಂತೆ. ಆದರೆ ನಾನು ಪೇಂಟರಣ್ಣನ ಮನೆಗೆ ಹೋಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ನಿನ್ನ ಅಕ್ಕ

ಫೆಬ್ರವರಿ ೨೧

ಅಕ್ಕನಿಗೆ,

ಕಾಗದ ಸಿಕ್ಕಿತು. ನನಗಿಂತ ಮೊದಲು ಸಾಹೇಬರಿಗೆ ಸಿಕ್ಕಿತು. ಇಲ್ಲಿ ಬರುವ ಹೋಗುವ ಪತ್ರಗಳನ್ನು ಓದಲೆಂದೇ ಒಬ್ಬ ಸಾಹೇಬರಿದ್ದಾರೆ. ದಪ್ಪ ಕನ್ನಡಕ, ಸದಾ ಶೀತ. ನಿನ್ನ ಕಾಗದ ಕೊಡುವಾಗ ಮೂಗು ಒರೆಸಿಕೊಂಡು, “ನಿಮ್ಮಕ್ಕ ಪಾದ್ರಿ ಆಗ್ಬೇಕಿತ್ತಲ್ಲಯ್ಯ” ಅಂದರು. ಹೊಗಳಿದರೋ ಇಲ್ಲವೋ ತಿಳಿಯಲಿಲ್ಲ.

ನನ್ನನ್ನು ಅಡುಗೆಮನೆಗೆ ಹಾಕಿದ್ದಾರೆ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಈರುಳ್ಳಿ ಹೆಚ್ಚುವುದು. ಎಲ್ಲರೂ ಅಳುತ್ತಾ ಇರುತ್ತೇವೆ, ಯಾರು ನಿಜವಾಗಿ ಅಳುತ್ತಿದ್ದಾರೆ ಎಂದು ಗೊತ್ತಾಗುವುದಿಲ್ಲ. ಅದೊಂದು ಅನುಕೂಲ. ನನ್ನ ಪಕ್ಕದಲ್ಲಿ ಒಬ್ಬ ಉದ್ದನೆಯ ಆಸಾಮಿ. ಎಲ್ಲರೂ ಅವನನ್ನು ಏಣಿ ಅನ್ನುತ್ತಾರೆ. ಅವನ ವಿಷಯ ಬೇಡ.

ನೀನು ಹೇಳಿದಂತೆ ಮಾಡುತ್ತಿದ್ದೇನೆ. ಬೇಗ ಏಳುತ್ತೇನೆ. ಎಣಿಸುತ್ತೇನೆ. ನೂರರವರೆಗೆ ಎಣಿಸುವಷ್ಟರಲ್ಲಿ ಕೆಲವೊಮ್ಮೆ ಯಾಕೆ ಸಿಟ್ಟು ಬಂತೆಂದೇ ಮರೆತುಹೋಗುತ್ತದೆ. ಮೂವತ್ತನಾಲ್ಕು ದಿನ ಅಂದೆಯಲ್ಲ, ಅದನ್ನು ಓದಿ ಮೈ ಜುಮ್ಮೆಂದಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ನಿನ್ನಿಂದ ಆಗುತ್ತದೆ ಅಂದರೆ ನನ್ನಿಂದಲೂ ಆಗಬಹುದು. ಪ್ರತಿ ಕಾಗದದಲ್ಲೂ ಎಷ್ಟನೆಯ ದಿನ ಎಂದು ಬರೆ. ಮರೆಯಬೇಡ.

ಪೇಂಟರ್ ನನ್ನ ಬಗ್ಗೆ ಏನಾದರೂ ಕೇಳುತ್ತಾನಾ? ಕೇಳದಿದ್ದರೂ ಪರವಾಗಿಲ್ಲ.

ಕಿಡಿ

ಮಾರ್ಚ್ ೧೫

ಪ್ರಿಯ ತಮ್ಮನಿಗೆ,

ಎಪ್ಪತ್ತನಾಲ್ಕು! ಕೇಳಿದೆಯಲ್ಲ, ಮೊದಲ ಸಾಲಿನಲ್ಲೇ ಬರೆದಿದ್ದೇನೆ.

ಮೊನ್ನೆ ಭಾನುವಾರ ನಮ್ಮ ಚರ್ಚಿನ ಸಭೆಯಲ್ಲಿ, ದೇವರು ಬಾಳಿನಲ್ಲಿ ಮಾಡಿದ್ದಕ್ಕೆ ಸಾಕ್ಷಿ ಹೇಳಲು ನನ್ನನ್ನು ಎಬ್ಬಿಸಿದರು. ಪೇಂಟರಣ್ಣನ ಮನೆಯ ವಿಷಯ ಹೇಳಿದೆ, ಕ್ಯಾಲೆಂಡರಿನ ವಿಷಯ ಹೇಳಿದೆ. ಹೆಂಗಸರು ಕಣ್ಣೊರೆಸಿಕೊಂಡರು. ಈಗ ಅವರಲ್ಲಿ ಐದು ಜನ ಕ್ಯಾಲೆಂಡರ್ ಇಟ್ಟಿದ್ದಾರೆ. ನಮ್ಮ ಮುದಿ ಪಾದ್ರಿಯವರು ಮಾತ್ರ ಬಾಗಿಲ ಬಳಿ ನಿಲ್ಲಿಸಿ ವಿಚಿತ್ರ ಪ್ರಶ್ನೆ ಕೇಳಿದರು: “ಚೆನ್ನಾಗಿ ನಡೀತಿದ್ದೀಯಮ್ಮ. ಎಡವಿದ್ರೆ ಯಾರನ್ನ ಕರೀತೀಯ?” ನಾನು “ಎಡವಲ್ಲ ಅಯ್ಯನವರೇ” ಅಂದೆ. ಅವರು ನನ್ನ ಕೊಡೆ ಎತ್ತಿಕೊಟ್ಟರು. ವಯಸ್ಸಾದವರಿಗೆ ಉತ್ಸಾಹ ಕಂಡರೆ ಯಾಕೋ ಭಯ. ದಾರಿಯುದ್ದಕ್ಕೂ ಅದೇ ಮಾತು ಕೊರೆಯಿತು. ಸಿಟ್ಟಲ್ಲ ಅದು, ಬರೀ ಬೇಸರ. ಗುರುತು ಹಾಕಿದೆ.

ಪೇಂಟರಣ್ಣ ನಿನ್ನ ಬಗ್ಗೆ ಕೇಳಿಲ್ಲ. ಮಾತೇ ಕಡಿಮೆ. ಚಮಚ ಬಾಯಿಯ ಹತ್ತಿರ ಹಿಡಿದರೆ ಎಷ್ಟೋ ಹೊತ್ತು ನನ್ನ ಮುಖವನ್ನೇ ನೋಡುತ್ತಾನೆ, ಆಮೇಲೆ ಬಾಯಿ ತೆರೆಯುತ್ತಾನೆ. ಒಂದೊಂದು ದಿನ ತೆರೆಯುವುದೇ ಇಲ್ಲ. ಎಡಗೈಯಲ್ಲಿ ತಿನ್ನಬಲ್ಲ, ಆದರೆ ಚೆಲ್ಲುತ್ತದೆ. ಚೆಲ್ಲಿದ್ದನ್ನು ಒರೆಸುವುದಕ್ಕಿಂತ ಉಣ್ಣಿಸುವುದೇ ಸುಲಭ. ನನ್ನ ಸೇವೆ ಅವನ ಮನಸ್ಸನ್ನು ಕರಗಿಸುತ್ತಿದೆ ಎಂದು ನನಗೆ ಖಾತ್ರಿಯಿದೆ.

ಜೂನ್ ದೂರವಿಲ್ಲ. ನಿನ್ನ ನಡತೆಯ ಪುಟ ಬೆಳ್ಳಗಿರಲಿ. ನನ್ನ ಇಸ್ತ್ರಿಯ ಬಿಳಿ ಹಾಸಿಗೆಬಟ್ಟೆಗಳಂತೆ, ಒಂದು ಕಲೆಯೂ ಬೇಡ.

ನಿನ್ನ ಅಕ್ಕ

ಏಪ್ರಿಲ್ ೨

ಅಕ್ಕ,

ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ. ನೇರವಾಗಿ ಬರೆದುಬಿಡುತ್ತೇನೆ. ಏಣಿಯನ್ನು ಹೊಡೆದೆ.

ಅವನು ತಿಂಗಳಿನಿಂದ ಕೆಣಕುತ್ತಿದ್ದ. ಅದನ್ನು ನಿನಗೆ ಬರೆದಿರಲಿಲ್ಲ. ಆ ದಿನ ಈರುಳ್ಳಿ ಬುಟ್ಟಿ ಎತ್ತುವಾಗ, “ಬಲಗೈ ಹುಷಾರಪ್ಪ, ನಿನ್ನ ಹತ್ರ ಕೂತ್ರೆ ಬಲಗೈ ಹೋಗುತ್ತಂತೆ” ಅಂದ. ಎಲ್ಲರೂ ನಕ್ಕರು. ನಾನು ಮುಖ ನೋಡಲಿಲ್ಲ. ಎಣಿಸಿದೆ. ದೇವರಾಣೆ ಎಣಿಸಿದೆ ಅಕ್ಕ, ಅರವತ್ಮೂರರವರೆಗೆ. ಎಣಿಸುತ್ತಾ ಹೋದಂತೆ ತಣ್ಣಗಾಗಬೇಕಿತ್ತಲ್ಲ, ಒಂದೊಂದು ಅಂಕಿಯೂ ಒಂದೊಂದು ಸೌದೆಯಾಯಿತು. ಅರವತ್ನಾಲ್ಕಕ್ಕೆ ಅವನ ಕುತ್ತಿಗೆ ನನ್ನ ಕೈಯಲ್ಲಿತ್ತು.

ಮೂರು ವಾರ ಒಂಟಿ ಕೋಣೆ. ನಿನ್ನೆ ಹೊರಗೆ ಬಿಟ್ಟರು. ಜೂನ್‌ನ ಅರ್ಜಿ ಹೋಯಿತು. ಇನ್ನು ಮುಂದಿನ ವರ್ಷವೇ.

ನಾಯಿ ಬಾಲ ಡೊಂಕು. ನೀನು ಎಷ್ಟು ನೇರ ಮಾಡಿದರೂ ಅಷ್ಟೇ. ಒಂದೇ ಮನೆಯಲ್ಲಿ ಒಳ್ಳೆಯದೆಲ್ಲ ನಿನಗೆ ಬಂತು, ಅಪ್ಪನ ಕೈ ನನಗೆ ಬಂತು. ಒಂಟಿ ಕೋಣೆಯಲ್ಲಿ ಪ್ರಾರ್ಥನೆ ಬರುತ್ತಿರಲಿಲ್ಲ. ಗೋಡೆಗೆ ತಲೆ ಆನಿಸಿ, ಅಕ್ಕ ಇವತ್ತು ಎಷ್ಟನೆಯ ಗುರುತು ಹಾಕಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಅದೊಂದೇ ಹಿಡಿದುಕೊಳ್ಳಲು ಇದ್ದದ್ದು. ಬೈದರೂ ಸರಿ, ಬರೆ.

ಕಿಡಿ

ಮೇ ೯

ಅಕ್ಕ,

ಕಾಗದ ತಲುಪಿತೋ ಇಲ್ಲವೋ? ಸಾಹೇಬರನ್ನು ಕೇಳಿದೆ. “ನಾನೇ ಅಂಟಿಸಿ ಕಳ್ಸಿದೀನಪ್ಪ” ಅಂದರು. ಕಾಯಿಲೆಯೇನೂ ಇಲ್ಲವಲ್ಲ? ಒಂದು ಸಾಲು ಸಾಕು. ಎಷ್ಟನೆಯ ದಿನ ಎಂದಾದರೂ ಬರೆ. ನೂರು ದಾಟಿರಬೇಕು.

ಕಿಡಿ

ಜೂನ್ ೧೪

ಅಕ್ಕ,

ಇವತ್ತು ಸಮಿತಿ ಕೂತಿತ್ತು. ನಾನಿಲ್ಲದೆ.

ನನಗೆ ಅರ್ಥವಾಯಿತು. ನಿನ್ನದು ಬೆಳ್ಳಗೆ ಇಸ್ತ್ರಿ ಮಾಡಿದ ಬಟ್ಟೆ. ಪಕ್ಕದಲ್ಲಿ ಮಸಿ ಮೆತ್ತಿದ ಚಿಂದಿ ಇಡಲು ಮನಸ್ಸಾಗುತ್ತಿಲ್ಲ. ತಪ್ಪಲ್ಲ ಬಿಡು. ಸಭೆಯಲ್ಲಿ ಸಾಕ್ಷಿ ಹೇಳುವವಳಿಗೆ ಇಂಥ ತಮ್ಮ ನಾಚಿಕೆಯೇ. ಆದರೆ ಒಂದು ಮಾತು. ನಾನು ಮಂಚದ ಕೆಳಗೆ ಇದ್ದಾಗ ನೀನು ಅಡ್ಡ ಕೂತಿದ್ದೆ. ಆಗಲೂ ನಾನೇನು ಒಳ್ಳೆಯ ಹುಡುಗನಾಗಿರಲಿಲ್ಲ.

ಇಲ್ಲಿಯ ಭಾನುವಾರದ ಪ್ರಾರ್ಥನೆಗೆ ಹೋಗುವುದನ್ನು ಬಿಟ್ಟಿದ್ದೇನೆ. ಪವಿತ್ರರಾಗುವುದು ನಿನ್ನಂಥವರಿಗೆ. ನಮ್ಮಂಥವರಿಗೆ ಈರುಳ್ಳಿ.

ಇನ್ನು ಬರೆಯಬೇಡ. ನಾನೂ ಬರೆಯುವುದಿಲ್ಲ.

ಜೂನ್ ೨೮

ತಮ್ಮಾ,

ಬರೆಯಬೇಡ ಅಂದಿದ್ದೀಯ. ಇದೊಂದನ್ನು ಓದು. ಸಾಹೇಬರೂ ಓದುತ್ತಾರೆ, ಓದಲಿ.

ನಾನು ಪೇಂಟರಣ್ಣನನ್ನು ಹೊಡೆದೆ.

ಈ ಒಂದು ಸಾಲು ಬರೆಯಲು ನನಗೆ ಹನ್ನೆರಡು ವಾರ ಹಿಡಿಯಿತು. ಇದಕ್ಕೆ ಮೊದಲು ನಾಲ್ಕು ಕಾಗದ ಬರೆದು ಹರಿದೆ. ಒಂದರಲ್ಲಿ ನನಗೆ ಜ್ವರ ಎಂದಿತ್ತು. ಒಂದರಲ್ಲಿ ನೂರಾ ಇಪ್ಪತ್ತನೆಯ ದಿನ ಎಂದಿತ್ತು. ಸುಳ್ಳು. ಗುರುತು ನಿಂತದ್ದು ತೊಂಬತ್ತೈದಕ್ಕೆ.

ಏಪ್ರಿಲ್ ಆರು, ತೊಂಬತ್ತಾರನೆಯ ದಿನ. ಏಣಿಯನ್ನು ಹೊಡೆದೆ ಎಂಬ ನಿನ್ನ ಕಾಗದ ಅವತ್ತು ಲಾಂಡ್ರಿಯ ವಿಳಾಸಕ್ಕೆ ಬಂತು. ಆವಿಯಲ್ಲಿ ನಿಂತೇ ಓದಿದೆ. ನಿನ್ನ ಮೇಲೆ ಕನಿಕರ ಬರಲಿಲ್ಲ. ಅದನ್ನು ನೀನು ತಿಳಿಯಬೇಕು. ನನಗೆ ಮೊದಲು ಅನ್ನಿಸಿದ್ದು, ‘ಇವನು ನನ್ನದೆಲ್ಲ ಹಾಳು ಮಾಡಿದ’ ಎಂದು. ಯಾಕೆಂದರೆ ನನ್ನ ಚೀಲದಲ್ಲಿ ಒಂದು ಕಾಗದ ಇತ್ತು. ಜನವರಿಯಿಂದಲೂ ಇತ್ತು. ‘ನಾನು ಇವನನ್ನು ಕ್ಷಮಿಸಿದ್ದೇನೆ, ಬಿಡುಗಡೆಗೆ ನನ್ನ ಅಡ್ಡಿಯಿಲ್ಲ’ ಎಂದು ಟೈಪ್ ಮಾಡಿಸಿದ್ದೆ. ಪೇಂಟರಣ್ಣ ಸಹಿ ಹಾಕುವುದೊಂದೇ ಬಾಕಿ. ಸಂಬಂಧವಿಲ್ಲ ಎಂದು ನಿನಗೆ ಬರೆದಿದ್ದೆನಲ್ಲ. ಸಂಬಂಧವಿತ್ತು.

ಅದೇ ಉರಿಯಲ್ಲಿ ಅವರ ಮನೆಗೆ ಹೋದೆ. ಮುಖದ ಮೇಲೆ ಎಂದಿನ ನಗೆ ಅಂಟಿಸಿಕೊಂಡಿದ್ದೆ. ಸೂಪಿನ ಪಾತ್ರೆ ಇಟ್ಟುಕೊಂಡು ಅವನಿಗೆ ಉಣ್ಣಿಸಲು ಕೂತೆ. ಅವನು ಬಾಯಿ ತೆರೆಯಲಿಲ್ಲ. ಆಮೇಲೆ ತೆರೆದದ್ದು ಮಾತಾಡಲು.

“ಒಂದು ಕೇಳ್ತೀನಿ. ಮೂರು ತಿಂಗಳಿಂದ ಬರ್ತಿದ್ದೀಯ. ಕೈ ನೋಯುತ್ತಾ ಅಂತ ಒಂದ್ಸಲ ಕೇಳಿದ್ದೀಯಾ?”

ನಾನು ಸೂಪು ಕಲಕಿದೆ.

“ಕೇಳಿಲ್ಲ. ನೀನು ನನ್ನ ನೋಡೋಕೆ ಬರಲ್ಲ. ನಿನ್ನನ್ನ ನೀನೇ ನೋಡ್ಕೊಳ್ಳೋಕೆ ಬರ್ತೀಯ. ನಾನು ನಿನ್ನ ಕನ್ನಡಿ. ಹೋಗ್ಲಿ, ಯಾವ ಕಾಗದಕ್ಕೆ ಸಹಿ ಬೇಕು ತೆಗಿ. ಎಡಗೈಲಿ ಗೀಚಿಕೊಡ್ತೀನಿ. ನಾಳೆಯಿಂದ ಬರಬೇಡ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನನ್ನ ಕೈ ಚೀಲಕ್ಕೆ ಹೋಯಿತು. ಅವನು ಅದನ್ನು ನೋಡಿ ನಕ್ಕ. ನಾನು ಎಣಿಸಲು ಶುರು ಮಾಡಿದೆ. ನಿನಗೆ ನೂರು ಎಣಿಸಲು ಹೇಳಿದವಳು ನಾನು. ಹನ್ನೊಂದಕ್ಕೆ ಸೌಟು ಎತ್ತಿದೆ. ಅವನ ಬಲಗೈ ಮಣಿಕಟ್ಟಿನ ಮೇಲೆ, ನೀನು ಹೊಡೆದ ಜಾಗದ ಮೇಲೆಯೇ ಬೀಸಿದೆ. ನೀನು ಅರವತ್ಮೂರರವರೆಗೆ ಹೋಗಿದ್ದೆ ತಮ್ಮಾ. ನೀನು ನನಗಿಂತ ಎಷ್ಟೋ ವಾಸಿ.

ಅವನು ಕೂಗಲಿಲ್ಲ. ಉಸಿರು ಒಳಗೆಳೆದುಕೊಂಡ, ಅಷ್ಟೇ. ಅವನ ತಾಯಿ ಬಾಗಿಲಲ್ಲಿ ನಿಂತಿದ್ದರು. ಎಂದೂ ಮಾತಿಗೆ ಸೋಲದ ಹೆಂಗಸು, ಒಂದು ಮಾತೂ ಆಡಲಿಲ್ಲ. ಬಂದು ನನ್ನ ಕೈಯಿಂದ ಸೌಟು ತೆಗೆದುಕೊಂಡರು. ಹೊಡೆತವೆಲ್ಲ ಮುಗಿದ ಮೇಲೆ ಅಮ್ಮ ಅಪ್ಪನ ಕೈಯಿಂದ ಬೆಲ್ಟ್ ತೆಗೆದುಕೊಳ್ಳುತ್ತಿದ್ದ ಹಾಗೆ, ಮೆಲ್ಲಗೆ. ನಾನು ಓಡಿಬಂದೆ.

ಆಮೇಲೆ ಏನು ಮಾಡಿದೆ ಗೊತ್ತೇ? ಹೊಸ ಕ್ಯಾಲೆಂಡರ್ ತಂದೆ. ಒಂದರಿಂದ ಶುರು ಮಾಡೋಣ, ನೂರು ಮುಟ್ಟಿದ ಮೇಲೆ ದೇವರ ಮುಂದೆ ಮೊಣಕಾಲೂರಿ ಎಲ್ಲ ಹೇಳೋಣ, ಆಮೇಲೆ ಪೇಂಟರಣ್ಣನ ಕ್ಷಮೆ ಕೇಳೋಣ, ಆಮೇಲೆ ನಿನಗೆ ಬರೆಯೋಣ. ಬಟ್ಟೆಯನ್ನು ಮನೆಯಲ್ಲಿ ಚೆನ್ನಾಗಿ ಒಗೆದು ಆಮೇಲೆ ಲಾಂಡ್ರಿಗೆ ಕಳಿಸುವವರನ್ನು ನೋಡಿದ್ದೀಯಾ? ನಾನೇ ಅದು. ನಾಲ್ಕನೆಯ ದಿನಕ್ಕೆ ಲಾಂಡ್ರಿಯ ಮೇಲ್ವಿಚಾರಕಿಯ ಮೇಲೆ ರೇಗಿದೆ. ಮತ್ತೆ ಒಂದರಿಂದ. ಆರನೆಯ ದಿನಕ್ಕೆ ಬಸ್ಸಿನಲ್ಲಿ ಒಬ್ಬ ಮುದುಕನ ಮೇಲೆ. ಮತ್ತೆ ಒಂದರಿಂದ. ಸಭೆಯ ಹೆಂಗಸರು “ಎಷ್ಟಾಯ್ತಕ್ಕ?” ಎಂದು ಕೇಳಿದಾಗ ಮುಗುಳ್ನಗುತ್ತಿದ್ದೆ. ಪ್ರತಿ ನಗುವೂ ಒಂದೊಂದು ಸುಳ್ಳು.

ಮೊನ್ನೆ ನಿನ್ನ ಕಾಗದ ಬಂತು. ‘ನಿನ್ನದು ಬೆಳ್ಳಗೆ ಇಸ್ತ್ರಿ ಮಾಡಿದ ಬಟ್ಟೆ.’ ಅದನ್ನು ಓದಿ ನನಗೆ ನಗು ಬಂತು. ಲಾಂಡ್ರಿಯ ಮಧ್ಯೆ, ಮಾಸಿದ ಹಾಸಿಗೆಬಟ್ಟೆಗಳ ರಾಶಿಯ ಮೇಲೆ ಕೂತು ನಕ್ಕೆ. ನಗು ಯಾವಾಗ ಅಳುವಾಯಿತೋ ತಿಳಿಯದು. ಮೇಲ್ವಿಚಾರಕಿ ಬಂದು, “ಏನಾಯ್ತೇ, ಯಾರಾದ್ರೂ ಹೋದ್ರಾ?” ಅಂದಳು. “ಹೂಂ” ಅಂದೆ.

ಅಲ್ಲೇ, ಆ ರಾಶಿಯ ಮೇಲೆಯೇ ಪ್ರಾರ್ಥಿಸಿದೆ. ಚಂದದ ಮಾತೊಂದೂ ಬರಲಿಲ್ಲ. ‘ನನ್ನ ಕೈಲಿ ಆಗಲ್ಲ. ಆಗುತ್ತೆ ಅಂತ ಇಷ್ಟು ದಿನ ನಿನಗೆ ತೋರಿಸ್ತಾ ಇದ್ದೆ. ಆಗಲ್ಲ. ನೀನೇ ಮಾಡಬೇಕು.’ ಅಷ್ಟೇ. ಇಷ್ಟು ದಿನ ನಾನು ದೇವರ ಮುಂದೆ ನಿಂತು ಗುರುತುಗಳನ್ನು ತೋರಿಸಿದ್ದೇನೆ ತಮ್ಮಾ, ಏನನ್ನೂ ಕೇಳಿರಲಿಲ್ಲ. ಎದ್ದಾಗ ನಾನೇನೂ ಬದಲಾಗಿರಲಿಲ್ಲ. ಮೂಗು ಕೆಂಪಾಗಿತ್ತು. ಆದರೆ ಸುಳ್ಳು ಹೇಳುವ ಆಸೆ ಹೋಗಿತ್ತು.

ಒಂದೇ ಭಯ. ನನ್ನ ಗುರುತುಗಳನ್ನು ಹಿಡಿದುಕೊಂಡಿದ್ದೆ ಎಂದು ನೀನು ಬರೆದಿದ್ದೆ. ಈಗ ಅವು ಇಲ್ಲ. ನೀನು ಬೀಳುತ್ತೀಯೋ ಏನೋ. ಹಿಡಿಯಲು ನನ್ನ ಬಳಿ ಕೈ ಉಳಿದಿಲ್ಲ.

ಅಕ್ಕ

ಜುಲೈ ೧೦

ಅಕ್ಕ,

ಕಾಗದವನ್ನು ಕೊಡುವ ಮೊದಲು ಸಾಹೇಬರು ನನ್ನನ್ನು ತಮ್ಮ ಕೋಣೆಗೆ ಕರೆಸಿ ಕೂರಿಸಿದರು. ಈ ಜೈಲಿನಲ್ಲಿ ನನಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ. ಮನೆಯಲ್ಲಿ ಯಾರೋ ಸತ್ತಿದ್ದಾರೆ ಅಂದುಕೊಂಡೆ. “ಓದು. ಇಲ್ಲೇ ಓದು. ಒಬ್ಬನೇ ಓದಬೇಡ” ಅಂದರು.

ಓದಿದೆ. ಮೊದಲು ನಿನ್ನ ಮೇಲೆ ಕೆಟ್ಟ ಸಿಟ್ಟು ಬಂತು. ನಾನು ಮುರಿದ ಕೈಯನ್ನು ಮತ್ತೆ ಹೊಡೆದೆಯಾ? ಗಾಯದ ಮೇಲೆ ಬರೆ ಅಂದರೆ ಇದೇ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ, ನನ್ನ ಮೇಲಿನ ಕೋಪ ಅವನ ಮೇಲೆ! ಎರಡು ದಿನ ಊಟ ಸೇರಲಿಲ್ಲ. ಆ ಮನುಷ್ಯ ಉಸಿರು ಒಳಗೆಳೆದುಕೊಂಡ ಎಂದು ಬರೆದಿದ್ದೀಯಲ್ಲ. ನಾನು ಹೊಡೆದಾಗಲೂ ಹಾಗೆಯೇ ಎಳೆದುಕೊಂಡಿದ್ದ. ಇಲ್ಲಿಗೆ ಬಂದ ದಿನದಿಂದ ಆ ಸದ್ದನ್ನು ಕೇಳಬಾರದೆಂದು ಏನೇನೋ ಮಾಡಿದ್ದೇನೆ. ಈಗ ನಿನ್ನ ಕಾಗದದಿಂದ ಕೇಳಿಸಿತು.

ನೀನು ಹೆದರಿದಂತೆ ಬಿದ್ದೆ. ಹಿಡಿಯಲು ಏನೂ ಇರಲಿಲ್ಲ. ಆದರೆ ಅಕ್ಕ, ಇದನ್ನು ಹೇಳುವುದು ಕಷ್ಟ, ನಗಬೇಡ. ಇಷ್ಟು ದಿನ ನಾನು ಪ್ರಾರ್ಥಿಸಿದ್ದು ದೇವರಿಗಲ್ಲ, ನಿನಗೆ ಅನ್ನಿಸುತ್ತದೆ. ಕಣ್ಣು ಮುಚ್ಚಿದರೆ ನಿನ್ನ ಕ್ಯಾಲೆಂಡರ್ ಕಾಣುತ್ತಿತ್ತು. ದೇವರು ಅದರ ಹಿಂದೆ ಎಲ್ಲೋ ಇದ್ದ. ಈಗ ನೀನು ಅಡ್ಡ ಇಲ್ಲ. ಮಂಚದ ಕೆಳಗಿಂದ ಮೊದಲ ಸಲ ನಾನೇ ಹೊರಗೆ ಬರಬೇಕಾಯಿತು.

ಮೊನ್ನೆ ಏಣಿ ಮತ್ತೆ ಶುರು ಮಾಡಿದ. ನನ್ನ ಕೈ ಮೇಲೇರಿತು. ಎಣಿಸಲಿಲ್ಲ. ಎಣಿಕೆಯ ಮೇಲೆ ನಂಬಿಕೆ ಹೋಗಿದೆ. “ಯೇಸುವೇ, ಹಿಡ್ಕೋ!” ಎಂದು ಕೂಗಿಬಿಟ್ಟೆ. ಮನಸ್ಸಿನಲ್ಲಲ್ಲ, ಗಂಟಲು ಹರಿಯುವಂತೆ. ಅಡುಗೆಮನೆಯೆಲ್ಲ ನಿಂತುಹೋಯಿತು. ಏಣಿ ಎರಡು ಹೆಜ್ಜೆ ಹಿಂದೆ ಸರಿದು, “ಇವನಿಗೆ ಏನೋ ಆಗಿದೆ ಕಣ್ರೋ” ಅಂದ. ಕೈ ಕೆಳಗಿಳಿಯಿತು. ನಾನು ಇಳಿಸಿದ್ದಲ್ಲ, ನನಗದು ಚೆನ್ನಾಗಿ ಗೊತ್ತು. ನನ್ನ ಕೈಯ ಬುದ್ಧಿ ನನಗೆ ಗೊತ್ತಿಲ್ಲವೇ? ಈಗ ಎಲ್ಲರೂ ಅಣಕಿಸುತ್ತಾರೆ, ಈರುಳ್ಳಿ ಕೇಳುವಾಗಲೂ “ಹಿಡ್ಕೋ” ಅನ್ನುತ್ತಾರೆ. ಮರುದಿನ ಮತ್ತೆ ಸಿಟ್ಟು ಬಂತು, ಮತ್ತೆ ಕೇಳಬೇಕಾಯಿತು. ನಿನ್ನೆ ಕೇಳಿದ್ದು ಇವತ್ತಿಗೆ ಉಳಿಯುವುದಿಲ್ಲ ಎಂದು ಕಾಣುತ್ತದೆ.

ಪೇಂಟರ್‌ಗೆ ನಾನೇ ಬರೆದೆ. ಮೂರು ಸಾಲು. ಸಾಹೇಬರು ಓದಿ, “ಇಷ್ಟೇನಾ?” ಅಂದರು. “ಇನ್ನು ಬರೆದ್ರೆ ಸುಳ್ಳಾಗುತ್ತೆ ಸಾರ್” ಅಂದೆ.

ನೀನು ಅಲ್ಲಿಗೆ ಹೋಗು. ಆ ಟೈಪ್ ಮಾಡಿಸಿದ ಕಾಗದ ಬೇಡ, ಹರಿದುಹಾಕು. ನಾನು ಪೂರ್ತಿ ಅವಧಿ ಮುಗಿಸಿಯೇ ಬರುತ್ತೇನೆ. ಒಳ್ಳೆಯವಳ ಹಾಗೆ ಹೋಗಬೇಡ. ಹೊಡೆದವಳ ಹಾಗೆ ಹೋಗು.

ತಮ್ಮ

ಆಗಸ್ಟ್ ೪

ತಮ್ಮಾ,

ಹರಿದುಹಾಕಿದೆ. ಸುಲಭವಾಗಿ ಅಲ್ಲ. ಅದನ್ನು ಹರಿದರೆ ನಿನ್ನ ಒಂದು ವರ್ಷವನ್ನೇ ಹರಿದಂತೆ ಎನ್ನಿಸಿ ಎರಡು ದಿನ ಚೀಲದಲ್ಲಿಟ್ಟುಕೊಂಡು ಓಡಾಡಿದೆ.

ಭಾನುವಾರ ಸಭೆಯ ಹೆಂಗಸರಿಗೆ ಹೇಳಿದೆ. “ಎಷ್ಟಾಯ್ತು ಅಂತ ಕೇಳ್ತಿದ್ರಲ್ಲ, ತೊಂಬತ್ತಾರನೇ ದಿನ ಆ ಮನುಷ್ಯನ ಕೈಗೇ ಹೊಡೆದೆ” ಅಂದೆ. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಇಬ್ಬರು ನನ್ನ ಬೆಂಚಿನಿಂದ ಎದ್ದುಹೋದರು. ಒಬ್ಬಳು ಮಾತ್ರ ಮೆಟ್ಟಿಲ ಬಳಿ ಕಾದಿದ್ದು, “ನನ್ನ ಕ್ಯಾಲೆಂಡರೂ ಸುಳ್ಳೇ ಕಣಕ್ಕ” ಎಂದು ಪಿಸುಗುಟ್ಟಿ ಸರಸರನೆ ನಡೆದಳು. ಪಾದ್ರಿಯವರನ್ನು ಕಂಡು, ಅವತ್ತು ನಿಮ್ಮ ಮೇಲೆ ಸಿಟ್ಟಾಗಿದ್ದೆ ಎಂದೆ. “ಗೊತ್ತಿತ್ತಮ್ಮ, ಕೊಡೆ ಎಳ್ಕೊಂಡ ರೀತಿಲೇ ಗೊತ್ತಾಯ್ತು” ಅಂದರು.

ಪೇಂಟರಣ್ಣನ ಮನೆಗೆ ಮೂರು ಸಲ ಹೋದೆ. ಮೊದಲ ಸಲ ತಾಯಿ ಬಾಗಿಲು ತೆಗೆದು, ನನ್ನನ್ನು ನೋಡಿ, ಮುಚ್ಚಿದರು. ಎರಡನೆಯ ಸಲ ತೆಗೆಯಲೇ ಇಲ್ಲ. ಒಳಗೆ ರೇಡಿಯೋ ಹಾಡುತ್ತಿತ್ತು, ನಾನು ತಟ್ಟಿದ ಮೇಲೆ ಅದರ ಸದ್ದು ಹೆಚ್ಚಾಯಿತು. ಅವತ್ತು ಮೆಟ್ಟಿಲ ಮೇಲೆ ನಿಂತು ನನಗೆ ಸಿಟ್ಟೇ ಬಂತು ತಮ್ಮಾ. ಕ್ಷಮೆ ಕೇಳಲು ಬಂದವಳಿಗೆ ಬಾಗಿಲು ತೆಗೆಯದ ಸಿಟ್ಟು! ಎಂಥ ಹೆಂಗಸು ನಾನು. ‘ಇದನ್ನೂ ನೀನೇ ತಗೋ’ ಅಂದು ಮನೆಗೆ ಬಂದೆ.

ಮೂರನೆಯ ಸಲ ಮೊನ್ನೆ ಶನಿವಾರ. ಬಾಗಿಲ ಮುಂದೆ ತುಂಬಾ ಹೊತ್ತು ನಿಂತಿದ್ದೆ. ನನ್ನ ಕೈಯನ್ನು ನಾನೇ ನೋಡಿಕೊಂಡೆ. ತಟ್ಟಲು ಎತ್ತುವ ಕೈಯೂ ಅದೇ, ಸೌಟು ಎತ್ತಿದ ಕೈಯೂ ಅದೇ. ಇದನ್ನು ನಂಬಿ ಒಳಗೆ ಹೋಗುವ ಹಾಗಿಲ್ಲ. ‘ಸ್ವಾಮೀ, ನೀನು ಬಂದ್ರೆ ಮಾತ್ರ ಹೋಗ್ತೀನಿ’ ಅಂದೆ. ತಟ್ಟಿದೆ. ಪೇಂಟರಣ್ಣನೇ ತೆಗೆದ. ಎಡಗೈಯಲ್ಲಿ ಚಿಲಕ ಹಿಡಿದು, ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ನನ್ನನ್ನು ಕಂಡು ಆ ಕೈಯನ್ನು ಹಿಂದೆ ಇಟ್ಟುಕೊಂಡ ತಮ್ಮಾ. ಅದನ್ನು ನಾನು ಎಂದೂ ಮರೆಯಲಾರೆ.

“ಏನು?” ಅಂದ.

“ತಪ್ಪಾಯ್ತು ಅಂತ ಹೇಳೋಕೆ ಬಂದೆ. ನಿನ್ನ ಹೊಡೆದೆ. ಅದಕ್ಕೂ ಮುಂಚೆ ಮೂರು ತಿಂಗಳು ನಿನ್ನ ಮನೇಲಿ ನಾಟಕ ಆಡಿದೆ. ಕಾಗದ ಹರಿದುಹಾಕಿದೀನಿ. ಏನೂ ಬೇಕಾಗಿಲ್ಲ.”

ಅವನು ಚಿಲಕ ಬಿಡದೆ ಕೇಳಿದ: “ಒಳಗೆ ಬಿಟ್ರೆ ಮತ್ತೆ ಹೊಡೀತೀಯಾ?”

ಇಲ್ಲ ಅನ್ನಬೇಕೆಂದು ಬಾಯಿ ತೆರೆದೆ. ಜನವರಿಯಲ್ಲಾಗಿದ್ದರೆ ಆಣೆ ಮಾಡುತ್ತಿದ್ದೆ.

“ಗೊತ್ತಿಲ್ಲಣ್ಣ” ಅಂದೆ. “ನನ್ನ ಮೇಲೆ ನನಗೆ ನಂಬಿಕೆ ಇಲ್ಲ. ಹೊಡೆಯದ ಹಾಗೆ ನೋಡ್ಕೋ ಅಂತ ದೇವರನ್ನ ಕೇಳ್ಕೊಂಡು ಬಂದಿದೀನಿ.”

“ಈ ಮನೇಲಿ ನೀನಾಡಿದ ಮೊದಲನೇ ನಿಜವಾದ ಮಾತು” ಅಂದು ಅವನು ಪಕ್ಕಕ್ಕೆ ಸರಿದ. ಒಳಗಿನಿಂದ ತಾಯಿ, ಮುಖ ತೋರಿಸದೆಯೇ, “ತಡಿ, ಸೌಟು ಎತ್ತಿಡ್ತೀನಿ” ಅಂದರು. ತಮಾಷೆಗೆ ಹೇಳಿದರೋ ನಿಜಕ್ಕೋ ಇನ್ನೂ ತಿಳಿದಿಲ್ಲ. ಪಾತ್ರೆಗಳ ಸದ್ದಂತೂ ಕೇಳಿಸಿತು.

ಕೈ ನೋಯುತ್ತಾ ಎಂದು ಕೇಳಿದೆ. ಅವನು ಹೇಳಲು ಶುರು ಮಾಡಿ ಒಂದು ಗಂಟೆ ಹೇಳಿದ. ಕಿರುಬೆರಳಿನಿಂದ ಮೊಣಕೈವರೆಗೆ ತಂತಿ ಎಳೆದಂತಾಗುವುದು, ಕುಂಚ ಹಿಡಿದ ಹಾಗೆ ಬೆರಳುಗಳು ತಾವೇ ಅಲ್ಲಾಡುವುದು. ನಡುವೆ ನಿನಗೆ ಬಯ್ದ, ಕೇಳಲಾಗದ ಮಾತುಗಳಲ್ಲಿ. ನನ್ನ ಕಿವಿ ಬಿಸಿಯಾಯಿತು. ತಮ್ಮನಿಗೆ ಬಯ್ದರೆ ಅಕ್ಕನಿಗೆ ಬಿಸಿಯಾಗದಿರುತ್ತದೆಯೇ? ಮಡಿಲಲ್ಲಿ ಕೈ ಕಟ್ಟಿಕೊಂಡು, ನೀನು ಕೂಗಿದ್ದನ್ನೇ ಒಳಗೊಳಗೇ ಕೂಗಿದೆ. ಕೈ ಮಡಿಲಲ್ಲೇ ಉಳಿಯಿತು. ನಿನ್ನ ಮೂರು ಸಾಲು ಅವನಿಗೆ ತಲುಪಿದೆ. “ಉತ್ತರ ಕೊಡಲ್ಲ. ಸದ್ಯಕ್ಕೆ ಕೊಡಲ್ಲ” ಅಂದ. ಕ್ಷಮಿಸಿದೆ ಅಂತ ನನಗೂ ಹೇಳಲಿಲ್ಲ. ಹೊರಡುವಾಗ, “ಶನಿವಾರ ಬಂದ್ರೆ ಬಾ. ದಿನಾ ಬರಬೇಡ, ತಲೆನೋವು” ಅಂದ.

ಮತ್ತೆ ಶನಿವಾರ ಬರುತ್ತದೆ. ಅವನು ಮತ್ತೆ ಬಯ್ಯಬಹುದು, ಅವನ ತಾಯಿ ಮತ್ತೆ ಬಾಗಿಲು ಮುಚ್ಚಬಹುದು, ನಾನು ಮತ್ತೆ ನಾನೇ ಆಗಿಬಿಡಬಹುದು. ಅಲ್ಲಿಗೆ ಹೋಗುವಷ್ಟು ಒಳ್ಳೆಯತನ ಈಗ ನನ್ನ ಬಳಿ ಇಲ್ಲ, ಹುಡುಕಿ ನೋಡಿದೆ. ಬೇಕಾಗುವುದು ಶನಿವಾರಕ್ಕೆ ತಾನೇ? ಬಾಗಿಲ ಮುಂದೆ ನಿಂತು ಆಗ ಕೇಳುತ್ತೇನೆ.

ಅಕ್ಕ